3.3 ವೋಲ್ಟಿನ ಹುಕುಂ, 24 ವೋಲ್ಟಿನ ವಾಲ್ವ್

ಹೆಬ್ರಿಯ ಸುತ್ತಮುತ್ತಲಿನ ಅಡಿಕೆ, ತೆಂಗಿನ ತೋಟಗಳಿಗೆ ನೀರಿನ ವಾಲ್ವ್‌ಗಳನ್ನು ತಾನಾಗಿ ತೆರೆದು ಮುಚ್ಚುವ ಪೆಟ್ಟಿಗೆ ಮಾಡಿಕೊಡುವುದು ನನ್ನ ಉಪಕಸುಬು. ಮುಖ್ಯ ಕಸುಬು ಟಿವಿ, ಮಿಕ್ಸಿ, ಇನ್ವರ್ಟರ್ ರಿಪೇರಿ. ಪೆಟ್ಟಿಗೆಯೊಳಗೆ ದೊಡ್ಡ ವಿದ್ಯೆಯೇನಿಲ್ಲ. ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ ಬೋರ್ಡು ಗಂಟೆ ನೋಡಿಕೊಂಡು ಹುಕುಂ ಕೊಡುತ್ತದೆ. ಅದರ ಪಿನ್ನಿನಿಂದ ಬರುವುದು 3.3 ವೋಲ್ಟ್, ಕೆಲವೇ ಮಿಲಿಆಂಪಿಯರ್. ತೋಟದ ಆಚೆ ತುದಿಯ ಸೊಲೆನಾಯ್ಡ್ ವಾಲ್ವ್ ಕೇಳುವುದು 12 ಅಥವಾ 24 ವೋಲ್ಟ್, ಒಂದು ಆಂಪಿಯರಿನ ಆಚೀಚೆ. ಇವೆರಡರ ನಡುವೆ ಒಂದು ಮಾಸ್ಫೆಟ್ ಟ್ರಾನ್ಸಿಸ್ಟರ್ ನಿಂತು ಬಿಟ್ಟರೆ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಎಲ್ಲೆಲ್ಲಿ ಮುಗಿಯಲಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ, ಇದೇ ಕೆಲಸಕ್ಕೆ ಕೈಹಾಕುವವರ ಪಾರ್ಟಾದರೂ ಉಳಿಯಲಿ ಎಂದು.

1. ಗೇಟಿಗೆ 3.3 ವೋಲ್ಟ್ ಕೊಟ್ಟರೆ ಎಲ್ಲ ಮಾಸ್ಫೆಟ್ ಪೂರ್ತಿ ಆನ್ ಆಗುವುದಿಲ್ಲ

ನನ್ನ ಡಬ್ಬಿಯಲ್ಲಿ ಹಳೆಯ ಇನ್ವರ್ಟರ್‌ಗಳಿಂದ ಕಿತ್ತ ಐಆರ್‌ಎಫ್540ಎನ್ ಬೇಕಾದಷ್ಟಿದ್ದವು. 100 ವೋಲ್ಟ್, 33 ಆಂಪಿಯರ್ ತಾಳುವ ಪಾರ್ಟು. ಒಂದೂವರೆ ಆಂಪಿಯರಿನ ವಾಲ್ವ್ ಅದಕ್ಕೆ ಯಾವ ಲೆಕ್ಕ? ಡೇಟಾಶೀಟನ್ನೂ ನೋಡಿದ್ದೆ. ಥ್ರೆಶೋಲ್ಡ್ ವೋಲ್ಟೇಜ್ 2ರಿಂದ 4 ಎಂದಿತ್ತು. 3.3 ಅದರೊಳಗೇ ಬಂತಲ್ಲ ಎಂದು ಪಿನ್ನಿಗೆ ನೇರ ಜೋಡಿಸಿದೆ. ವಾಲ್ವ್ ಒಮ್ಮೆ ಗುಂಯ್ ಎಂದಿತು, ಅರ್ಧ ತೆರೆಯಿತು. ಏನಾಯಿತು ನೋಡೋಣ ಎಂದು ಟ್ರಾನ್ಸಿಸ್ಟರನ್ನು ಮುಟ್ಟಿದೆ. ಬೆರಳಿನಲ್ಲಿ ಬೊಬ್ಬೆ ಎದ್ದಿತು.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ತಂಗಿಯ ಮಗ ರಜೆಯಲ್ಲಿ ಬಂದಿದ್ದಾಗ ಅದೇ ಡೇಟಾಶೀಟಿನ ಅದೇ ಸಾಲಿನ ಬಲಗಡೆಗೆ ಬೆರಳಿಟ್ಟ. ಅಲ್ಲಿ 250 ಮೈಕ್ರೋಆಂಪಿಯರ್ ಎಂದು ಬರೆದಿತ್ತು. "ಇದು ಪೂರ್ತಿ ಆನ್ ಆಗುವ ವೋಲ್ಟೇಜ್ ಅಲ್ಲ ಮಾವ, ನಿದ್ದೆಯಿಂದ ಕಣ್ಣು ಬಿಡುವ ವೋಲ್ಟೇಜ್" ಎಂದ. ಕಾಲು ಮಿಲಿಆಂಪಿಯರ್ ಹರಿಯಲು ಬೇಕಾದ ಗೇಟ್ ವೋಲ್ಟೇಜಿನಲ್ಲಿ ನಾನು ಒಂದೂವರೆ ಆಂಪಿಯರ್ ಕೇಳಿದ್ದೆ. ನೋಡಬೇಕಾದದ್ದು ಬೇರೆ ಸಾಲು: ಆನ್ ಆದಾಗಿನ ರೋಧ, ಮತ್ತು ಅದನ್ನು ಅಳೆದದ್ದು ಎಷ್ಟು ಗೇಟ್ ವೋಲ್ಟೇಜಿನಲ್ಲಿ ಎಂಬುದು. 540ಎನ್‌ಗೆ ಅದು 44 ಮಿಲಿಓಮ್, ಆದರೆ ಗೇಟಿಗೆ 10 ವೋಲ್ಟ್ ಕೊಟ್ಟಾಗ. ಹಾಗೆ ಕೊಟ್ಟರೆ ಒಂದೂವರೆ ಆಂಪಿಯರಿಗೆ ಅದರಲ್ಲಿ ಹುಟ್ಟುವ ಶಾಖ ಬರೀ 0.1 ವ್ಯಾಟ್, ಕೈಗೆ ಗೊತ್ತೂ ಆಗದು. ನನ್ನ ಅರೆಬರೆ ಆನ್‌ನಲ್ಲಿ ಒಂದು ಆಂಪಿಯರ್ ಹರಿಯುತ್ತಾ ಟ್ರಾನ್ಸಿಸ್ಟರಿನ ಮೇಲೆ 4 ವೋಲ್ಟ್ ಕೂತಿತ್ತು, ಅಂದರೆ 4 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಆ ಗಾತ್ರದ ಪಾರ್ಟು ಒಂದೊಂದು ವ್ಯಾಟಿಗೂ ಸುಮಾರು 62 ಡಿಗ್ರಿ ಏರುತ್ತದೆ. ಗುಣಿಸಿ ನೋಡಿದರೆ ಬೊಬ್ಬೆ ಯಾಕೆ ಬಂತೆಂದು ತಿಳಿಯುತ್ತದೆ.

ಇನ್ನೊಂದು ಮಾತು. ಮಾಸ್ಫೆಟ್ ಸುಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಸುಡುತ್ತದೆ. ಅಂದರೆ ವಾಲ್ವ್ ಆಫ್ ಆಗುವುದಿಲ್ಲ, ತೆರೆದೇ ಉಳಿಯುತ್ತದೆ.

ಐಆರ್‌ಎಲ್‌ಝಡ್44ಎನ್‌ನಂಥ ಲಾಜಿಕ್ ಲೆವೆಲ್ ಪಾರ್ಟಿಗೆ ಡೇಟಾಶೀಟ್ 5 ಮತ್ತು 4 ವೋಲ್ಟಿನ ರೋಧವನ್ನೂ ಕೊಡುತ್ತದೆ: 25 ಮತ್ತು 35 ಮಿಲಿಓಮ್. 3.3ಕ್ಕೆ ಅದೂ ಬರೆದು ಕೊಡುವುದಿಲ್ಲ. ಒಂದೆರಡು ಆಂಪಿಯರಿಗೆ ನನ್ನ ಕೈಯಲ್ಲಿ ನಡೆದಿದೆ, ಆದರೆ ಅದು ನನ್ನ ಅದೃಷ್ಟವೇ ಹೊರತು ತಯಾರಕರ ಭರವಸೆ ಅಲ್ಲ. ಸಾಸಿವೆಗಿಂತ ಸ್ವಲ್ಪವೇ ದೊಡ್ಡದಾದ ಎಒ3400 ಮಾತ್ರ 2.5 ವೋಲ್ಟಿಗೇ ಅಂಕಿ ಕೊಡುತ್ತದೆ. ಆದರೆ ಅದರ ಮಿತಿ 30 ವೋಲ್ಟ್. 12 ವೋಲ್ಟಿನ ಪೆಟ್ಟಿಗೆಗೆ ಒಳ್ಳೆಯದು, 24ಕ್ಕೆ ಬೇಡ.

2. ಮೈಕ್ರೋಕಂಟ್ರೋಲರ್ ಸತ್ತಾಗ ಗೇಟ್ ಏನು ಮಾಡುತ್ತದೆ?

ಲಾಜಿಕ್ ಲೆವೆಲ್ ಪಾರ್ಟು ಹೆಬ್ರಿಯಲ್ಲಿ ಎಲ್ಲಿ ಸಿಗಬೇಕು! ಬೆಂಗಳೂರಿನ ಎಸ್.ಪಿ. ರೋಡಿನಿಂದ ಯಾರಾದರೂ ತರಬೇಕು, ಇಲ್ಲವೇ ಕೊರಿಯರ್ ಕಾಯಬೇಕು. ಹಾಗಾಗಿ ಡಬ್ಬಿಯಲ್ಲಿದ್ದುದರಲ್ಲೇ ಉಪಾಯ ಮಾಡಿದೆ. 540ಎನ್‌ನ ಗೇಟಿಗೆ 10 ಕಿಲೋಓಮ್ ರೆಸಿಸ್ಟರಿನಿಂದ ನೇರ 12 ವೋಲ್ಟ್ ಕೊಟ್ಟೆ. ಆ ಗೇಟನ್ನು ನೆಲಕ್ಕೆ ಎಳೆಯಲು ಒಂದು ಬಿಸಿ547. ಬಿಸಿ547ರ ಬೇಸಿಗೆ ಇಎಸ್‌ಪಿ32ರ ಪಿನ್. ಪಿನ್ ಹೈ ಆದರೆ ವಾಲ್ವ್ ಆಫ್, ಲೋ ಆದರೆ ಆನ್. ಉಲ್ಟಾ ಆಯಿತು, ಆಗಲಿ, ಪ್ರೋಗ್ರಾಮಿನಲ್ಲಿ ತಿರುಗಿಸಿದರಾಯಿತು ಎಂದೆ. ಮೇಜಿನ ಮೇಲೆ ಚೊಕ್ಕವಾಗಿ ನಡೆಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಸೋಮೇಶ್ವರ ಕಡೆಯ ಒಂದು ತೋಟದಲ್ಲಿ ಹಾಕಿ ಬಂದೆ.

ಒಂದು ರಾತ್ರಿ ಪೆಟ್ಟಿಗೆಯೊಳಗಿನ 5 ವೋಲ್ಟಿನ ಸ್ಟೆಪ್‌ಡೌನ್ ಮಾಡ್ಯೂಲ್ ಸತ್ತಿತು. ಇಎಸ್‌ಪಿ32ಕ್ಕೆ ಕರೆಂಟಿಲ್ಲ. ಬಿಸಿ547ರ ಬೇಸಿಗೆ ಏನೂ ಇಲ್ಲ, ಅದು ಆಫ್. 12 ವೋಲ್ಟಿನ ಬ್ಯಾಟರಿ ಮಾತ್ರ ಗಟ್ಟಿಮುಟ್ಟಾಗಿದೆ. ಎಲ್ಲ ಗೇಟುಗಳೂ 12 ವೋಲ್ಟಿಗೆ ಏರಿ ಎಲ್ಲ ವಾಲ್ವ್‌ಗಳೂ ಒಟ್ಟಿಗೆ ತೆರೆದವು. ಗುಡ್ಡದ ಮೇಲಿನ ಟ್ಯಾಂಕಿಯಲ್ಲಿದ್ದ ಬೇಸಿಗೆಯ ನೀರು ಬೆಳಗಾಗುವುದರೊಳಗೆ ಕೆಳಗಿನ ಗದ್ದೆ ಸೇರಿತ್ತು. ತೋಟದ ಯಜಮಾನರು ಬೈಯಲಿಲ್ಲ. "ಎಂಥ ಮಾರಾಯ್ರೆ, ನಿಮ್ಮ ಪೆಟ್ಟಿಗೆ ಸತ್ತ ಮೇಲೂ ನೀರು ಬಿಡ್ತದಲ್ಲ!" ಎಂದರು. ಬೈದಿದ್ದರೆ ಇಷ್ಟು ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಅಂದಿನಿಂದ ಸರ್ಕ್ಯೂಟ್ ಬರೆದ ಕೂಡಲೇ ನಾನು ಮೊದಲು ಕೇಳುವ ಪ್ರಶ್ನೆ ಇದು: ಮೈಕ್ರೋಕಂಟ್ರೋಲರನ್ನು ಸಾಕೆಟ್ಟಿನಿಂದ ಕಿತ್ತು ಬದಿಗಿಟ್ಟರೆ ಈ ವಾಲ್ವ್ ಯಾವ ಸ್ಥಿತಿಯಲ್ಲಿ ಇರುತ್ತದೆ? ಬಾಯಿಮಾತಿನ ಪ್ರಶ್ನೆ ಅಲ್ಲ, ನಿಜವಾಗಿಯೂ ಕಿತ್ತು ನೋಡುತ್ತೇನೆ. ಉಲ್ಟಾ ಮಾಡುವ ಹಂತ ಬೇಕೇಬೇಕಾದರೆ ಇನ್ನೊಂದು ಬಿಸಿ547 ಹಾಕಿ ಮತ್ತೊಮ್ಮೆ ಉಲ್ಟಾ ಮಾಡಿ, ಪುಡಿಗಾಸಿನ ಖರ್ಚು. ಪಿನ್ನಿನಿಂದ ನೇರ ಗೇಟಿಗೆ ಹೋಗುವುದಾದರೆ ಗೇಟಿನಿಂದ ಸೋರ್ಸಿಗೆ 10 ಕಿಲೋಓಮ್ ತಪ್ಪಿಸಬೇಡಿ. ಇಎಸ್‌ಪಿ32 ಬೂಟ್ ಆಗುವ ಹೊತ್ತಿನಲ್ಲಿ ಬಹುತೇಕ ಪಿನ್ನುಗಳು ಯಾವ ಕಡೆಗೂ ಇರುವುದಿಲ್ಲ. ಗೇಟೋ, ಒಂದು ಸಣ್ಣ ಕೆಪಾಸಿಟರ್ ಇದ್ದಂತೆಯೇ. ಬೆರಳು ಸೋಕಿದರೂ ಚಾರ್ಜ್ ಹಿಡಿದು ಕೂರುತ್ತದೆ.

ಪಿನ್ನುಗಳ ಆಯ್ಕೆಯಲ್ಲೂ ಎಡವಿದ್ದೇನೆ. 1ನೇ ಪಿನ್ನಿನಿಂದ ಬೂಟ್ ಆಗುವಾಗ ಸೀರಿಯಲ್ ಸಂದೇಶ ಹೊರಬೀಳುತ್ತದೆ, ವಾಲ್ವ್ ಕಟಕಟ ಎನ್ನುತ್ತದೆ. 12ನೇ ಪಿನ್ನನ್ನು ಹೊರಗಿನ ರೆಸಿಸ್ಟರ್ ಮೇಲಕ್ಕೆ ಎಳೆದಿದ್ದರೆ ಸಾಮಾನ್ಯ ಬೋರ್ಡು ಬೂಟೇ ಆಗುವುದಿಲ್ಲ. 34ರಿಂದ 39ರವರೆಗಿನ ಪಿನ್ನುಗಳು ಇನ್‌ಪುಟ್‌ಗೆ ಮಾತ್ರ. 35ಕ್ಕೆ ವಾಲ್ವ್ ಜೋಡಿಸಿ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಒಂದು ಇಡೀ ಭಾನುವಾರ ಕಳೆದಿದ್ದೇನೆ.

3. ಪಾರ್ಟಿನ ಬೆನ್ನ ಮೇಲೆ ಬರೆದದ್ದೆಲ್ಲ ನಿಜವಲ್ಲ

ಕೊನೆಗೂ ತರಿಸಿದ ಲಾಜಿಕ್ ಲೆವೆಲ್ ಪಾರ್ಟುಗಳಲ್ಲಿ ಕೆಲವು ಬಿಸಿಯಾಗತೊಡಗಿದವು. ಅಕ್ಷರ ಸರಿ, ಒಳಗಿನ ಚಿಪ್ಪು ಬೇರೆ. ಈಗ ಬಂದ ಪ್ರತಿ ಕಂತಿನಲ್ಲೂ ಒಂದೆರಡನ್ನು ತೆಗೆದು ಹೀಗೆ ನೋಡುತ್ತೇನೆ: 12 ವೋಲ್ಟಿನ ಬ್ಯಾಟರಿ, ಬೈಕಿನ ಇಂಡಿಕೇಟರಿಗೆ ಬರುವ 21 ವ್ಯಾಟಿನ ಬಲ್ಬು, ಗೇಟಿಗೆ ಎರಡು ಹೊಸ ಪೆನ್ಸಿಲ್ ಸೆಲ್. ಎರಡು ಸೆಲ್ ಸೇರಿ 3.2 ವೋಲ್ಟಿನ ಆಸುಪಾಸು, ಇಎಸ್‌ಪಿ32ರ ಪಿನ್ನಿಗಿಂತ ಒಂದು ಕೂದಲು ಕಡಿಮೆ. ಬಲ್ಬು ಎಳೆಯುವುದು 1.75 ಆಂಪಿಯರ್. ಬಲ್ಬು ಪೂರ್ತಿ ಉರಿದು, ಡ್ರೇನ್ ಮತ್ತು ಸೋರ್ಸ್ ನಡುವೆ ಮಲ್ಟಿಮೀಟರ್ 0.1 ವೋಲ್ಟಿನ ಸುತ್ತ ತೋರಿಸಿ, ಐದು ನಿಮಿಷವಾದರೂ ಪಾರ್ಟು ತಣ್ಣಗಿದ್ದರೆ ಪಾಸು.

4. ತಂತಿಯೂ ಒಂದು ರೆಸಿಸ್ಟರ್

ನಾನು 12ರಿಂದ 24 ವೋಲ್ಟಿಗೆ ಹೋದದ್ದು ಶೋಕಿಗಲ್ಲ. ನಮ್ಮ ಕಡೆಯ ತೋಟಗಳು ಉದ್ದಕ್ಕೆ, ಇಳಿಜಾರಿನಲ್ಲಿ ಇರುತ್ತವೆ. ಪಂಪ್ ಶೆಡ್ಡಿನಿಂದ ಕೊನೆಯ ವಾಲ್ವ್ ನೂರು ಮೀಟರ್ ಅಂದರೆ ಸಣ್ಣ ದೂರ. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ ಕಿಲೋಮೀಟರಿಗೆ ಸುಮಾರು 18 ಓಮ್. ಹೋಗಿ ಬರುವ 200 ಮೀಟರಿಗೆ 3.6 ಓಮ್. 12 ವೋಲ್ಟಿನ, 18 ವ್ಯಾಟಿನ ವಾಲ್ವ್ ಅಂದರೆ 8 ಓಮ್. ಒಟ್ಟು 11.6 ಓಮ್ ಆಯಿತು. ವಾಲ್ವಿಗೆ ತಲುಪುವುದು 8.3 ವೋಲ್ಟ್ ಮಾತ್ರ. ಅದು ತೆರೆಯುವುದಿಲ್ಲ, ನಾನು ಟ್ರಾನ್ಸಿಸ್ಟರ್ ಬದಲಿಸುತ್ತಾ ಕೂರುತ್ತೇನೆ. ಅಷ್ಟೇ ವ್ಯಾಟಿನ 24 ವೋಲ್ಟಿನ ವಾಲ್ವ್ ಹಾಕಿದರೆ ಅದೇ ತಂತಿಯಲ್ಲಿ 21.6 ವೋಲ್ಟ್ ತಲುಪುತ್ತದೆ. ಶೆಡ್ಡಿನಲ್ಲಿ ಅಳೆಯಬೇಡಿ, ವಾಲ್ವಿನ ಕಾಲಬುಡದಲ್ಲಿ, ಅದು ಆನ್ ಇರುವಾಗ ಅಳೆಯಿರಿ. ಜಿಗಣೆ ಕಚ್ಚುತ್ತದೆ, ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ.

5. 24 ವೋಲ್ಟ್ ಅಂದರೆ 28.8, ಗೇಟಿನ ಮಿತಿ 20

ಮೊದಮೊದಲು ನನ್ನ ಟ್ರಾನ್ಸಿಸ್ಟರುಗಳೆಲ್ಲ ವಾಲ್ವಿನ ಮೈನಸ್ ಬದಿಯಲ್ಲಿ ಇರುತ್ತಿದ್ದವು. ಅದು ಸುಲಭ. ಆದರೆ ಹಾಗೆ ಮಾಡಿದರೆ ವಾಲ್ವ್ ಆಫ್ ಇದ್ದಾಗಲೂ ತೋಟದುದ್ದಕ್ಕೂ ತಂತಿಯಲ್ಲಿ ಪ್ಲಸ್ ಇದ್ದೇ ಇರುತ್ತದೆ. ಒದ್ದೆ ಮಣ್ಣಿನಲ್ಲಿ ಒಂದು ಜಾಯಿಂಟ್ ತೆರೆದುಕೊಂಡರೆ ಸಾಕು, ತಾಮ್ರ ಹಸಿರಾಗಿ ಪುಡಿಯಾಗುತ್ತದೆ. ಪ್ಲಸ್ ಬದಿಯಲ್ಲೇ ಕಡಿಯೋಣ ಎಂದು ಪಿ ಚಾನೆಲ್ ಮಾಸ್ಫೆಟ್ ಐಆರ್‌ಎಫ್9540ಎನ್ ತಂದೆ. ಸೋರ್ಸ್ 24 ವೋಲ್ಟಿಗೆ, ಗೇಟಿನಿಂದ ಸೋರ್ಸಿಗೆ 10 ಕಿಲೋಓಮ್, ಗೇಟನ್ನು ಕೆಳಗೆ ಎಳೆಯಲು ನಮ್ಮ ಬಿಸಿ547. ಈ ಬಾರಿ ಇಎಸ್‌ಪಿ32 ಸತ್ತರೆ ವಾಲ್ವ್ ಆಫ್. ಪಾಠ ಕಲಿತೆ ಎಂದು ಬೀಗಿದೆ.

ಕೆಲವು ದಿನ ನಡೆದು ಒಂದೊಂದಾಗಿ ಶಾರ್ಟ್ ಆಗತೊಡಗಿದವು. ಬಿಸಿಯೂ ಇಲ್ಲ, ಲೋಡೂ ಹೆಚ್ಚಿಲ್ಲ. ಕಾರಣ ಸರಳ. ಗೇಟನ್ನು ಪೂರ್ತಿ ನೆಲಕ್ಕೆ ಎಳೆದಾಗ ಗೇಟ್ ಮತ್ತು ಸೋರ್ಸ್ ನಡುವೆ ಇಡೀ 24 ವೋಲ್ಟ್ ಬೀಳುತ್ತದೆ. ಸೋಲಾರ್ ಚಾರ್ಜಾಗುವ ಮಧ್ಯಾಹ್ನ 28.8. ಡೇಟಾಶೀಟಿನ ಮಿತಿ 20. ಡ್ರೇನ್ ತಾಳುವ 100 ವೋಲ್ಟನ್ನು ನೋಡಿ ನಾನು ನಿಶ್ಚಿಂತನಾಗಿದ್ದೆ, ಗೇಟಿನ ಸಾಲನ್ನು ಓದಿರಲೇ ಇಲ್ಲ. ಒಳಗಿನ ಆಕ್ಸೈಡ್ ಪದರ ತೆಳ್ಳಗೆ. ಮಿತಿ ಮೀರಿದ ಕೂಡಲೇ ಸಾಯಲೇಬೇಕೆಂದಿಲ್ಲ, ಇವತ್ತು ತಡೆದು ನಾಳೆ ಕೈಕೊಡಬಹುದು. ಮೇಜಿನ ಪರೀಕ್ಷೆಯಲ್ಲಿ ಪಾಸಾಗಿ ತೋಟದಲ್ಲಿ ಫೇಲಾಗುವುದು ಹೀಗೆ.

ಈಗ ಗೇಟಿಗೂ ಬಿಸಿ547ರ ಕಲೆಕ್ಟರಿಗೂ ನಡುವೆ ಇನ್ನೊಂದು 10 ಕಿಲೋಓಮ್ ಹಾಕುತ್ತೇನೆ. ವೋಲ್ಟೇಜು ಅರ್ಧಕ್ಕರ್ಧ ಹಂಚಿಹೋಗಿ ಗೇಟಿಗೆ ಸಿಗುವುದು 12ರಿಂದ 14.4. ಜೊತೆಗೆ ಗೇಟ್ ಮತ್ತು ಸೋರ್ಸ್ ನಡುವೆ 15 ವೋಲ್ಟಿನ ಒಂದು ಝೀನರ್. ಬಿಸಿ547 ತಾಳುವುದು 45 ವೋಲ್ಟ್. 24ರ ಸಿಸ್ಟಮಿಗೆ ಸಾಕು, 48ಕ್ಕೆ ಬದಲಿಸಬೇಕು.

ಪಿ ಚಾನೆಲ್ ಗೇಟನ್ನು ನೇರ 3.3 ವೋಲ್ಟಿನ ಪಿನ್ನಿಗೇ ಜೋಡಿಸಿದರೆ ಏನು ಎಂದು ಕಾರ್ಕಳದಿಂದ ಬಂದ ಒಬ್ಬ ಹುಡುಗ ಕೇಳಿದ್ದ. ಪಿನ್ 3.3ಕ್ಕೆ ಏರಿದರೂ ಗೇಟು ಸೋರ್ಸಿಗಿಂತ 20 ವೋಲ್ಟ್ ಕೆಳಗೇ ಇರುತ್ತದೆ, ವಾಲ್ವ್ ಎಂದೂ ಆಫ್ ಆಗದು. ಅಷ್ಟೇ ಅಲ್ಲ, ಆ ಪುಲ್‌ಅಪ್ ರೆಸಿಸ್ಟರಿನಿಂದ 24 ವೋಲ್ಟ್ ಇಳಿದು ಬಂದು ಇಎಸ್‌ಪಿ32ರ ಪಿನ್ನಿನ ಮೇಲೆ ಕೂರುತ್ತದೆ. ಅವನು ಕೇಳಿದ್ದು ಜೋಡಿಸಿ ನೋಡಿದ ಮೇಲೆ.

6. ಡಯೋಡ್ ಮರೆಯಬೇಡಿ, ತಿರುಗಿಸಿಯೂ ಹಾಕಬೇಡಿ

ಇದು ಎಲ್ಲರಿಗೂ ಗೊತ್ತಿರುವ ಪಾಠ, ಹಾಗಾಗಿ ಎರಡೇ ಮಾತು. ಕಾಯಿಲಿನ ಕರೆಂಟನ್ನು ಥಟ್ಟನೆ ಕಡಿದರೆ ಅದು ನೂರಾರು ವೋಲ್ಟ್ ಎಬ್ಬಿಸಬಲ್ಲದು. 1ಎನ್4007 ಒಂದನ್ನು ಕಾಯಿಲಿಗೆ ಅಡ್ಡಲಾಗಿ, ಗೆರೆ ಇರುವ ಕಾಲು ಪ್ಲಸ್ಸಿಗೆ ಬರುವಂತೆ ಹಾಕಬೇಕು. ನಾನು ವಾಲ್ವಿನ ಹತ್ತಿರ ಒಂದು, ಬೋರ್ಡಿನಲ್ಲಿ ಒಂದು ಹಾಕುತ್ತೇನೆ. ವಾಲ್ವ್ ಬದಲಿಸುವವರು ಅಲ್ಲಿಯದನ್ನು ಕತ್ತರಿಸಿ ಬಿಸಾಡುತ್ತಾರೆ ಎಂಬುದು ಅನುಭವ.

7. ಬೆಳಕನ್ನು ಮಂದ ಮಾಡಲು ಹೋದಾಗ ಲೆಕ್ಕವೇ ಬೇರೆ

ಒಂದು ದೈವಸ್ಥಾನದ ಎಲ್‌ಇಡಿ ಪಟ್ಟಿಗಳನ್ನು ಮೆಲ್ಲಮೆಲ್ಲನೆ ಏರಿಸಿ ಇಳಿಸುವಂತೆ ಮಾಡಿಕೊಡಿ ಎಂದರು. ವಾಲ್ವಿಗೆ ನಡೆದ ಸರ್ಕ್ಯೂಟೇ, 540ಎನ್ ಬದಲು ಐಆರ್‌ಎಫ್‌ಝಡ್44ಎನ್, ಅದೇ 10 ಕಿಲೋಓಮ್ ಪುಲ್‌ಅಪ್. ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಪಟ್ಟೆ ಬರಬಾರದೆಂದು ಪಿಡಬ್ಲ್ಯುಎಂ ವೇಗವನ್ನು 20 ಕಿಲೋಹರ್ಟ್ಸ್‌ಗೆ ಇಟ್ಟೆ. ಟ್ರಾನ್ಸಿಸ್ಟರ್ ಮತ್ತೆ ಕಾಯಿತು. ಆ ಗೇಟು ಪೂರ್ತಿ ತುಂಬಲು 63 ನ್ಯಾನೊಕೂಲಂಬ್‌ವರೆಗೆ ಚಾರ್ಜು ಬೇಕು. 10 ಕಿಲೋಓಮಿನಲ್ಲಿ ಬರುವುದು ಸುಮಾರು ಒಂದು ಮಿಲಿಆಂಪಿಯರ್. ತುಂಬಲು 60 ಮೈಕ್ರೋಸೆಕೆಂಡಿಗೂ ಮೇಲೆ. ನನ್ನ ಒಂದು ಸುತ್ತಿನ ಕಾಲವೇ 50 ಮೈಕ್ರೋಸೆಕೆಂಡು! ಪೂರ್ತಿ ಆನ್ ಆಗುವ ಮೊದಲೇ ಆಫ್ ಎನ್ನುತ್ತಿದ್ದೆ. ದಿನಕ್ಕೆ ನಾಲ್ಕು ಸಲ ತೆರೆಯುವ ವಾಲ್ವಿಗೆ ಈ 60 ಮೈಕ್ರೋಸೆಕೆಂಡು ಲೆಕ್ಕಕ್ಕೇ ಬರುವುದಿಲ್ಲ.

ವೇಗ ಇಳಿಸುವುದು ಒಂದು ದಾರಿ. ನಾನು ಟಿಸಿ4427 ಎಂಬ ಗೇಟ್ ಡ್ರೈವರ್ ಹಾಕಿದೆ. 3.3 ವೋಲ್ಟಿನ ಹುಕುಂ ಅದಕ್ಕೆ ಅರ್ಥವಾಗುತ್ತದೆ, 18 ವೋಲ್ಟಿನವರೆಗೆ ಗೇಟಿಗೆ ಕೊಡುತ್ತದೆ, ಕ್ಷಣಕ್ಕೆ ಒಂದೂವರೆ ಆಂಪಿಯರ್ ತಳ್ಳುತ್ತದೆ. ಒಂದೇ ಚಿಪ್ಪಿನಲ್ಲಿ ಎರಡು ಗೇಟ್ ನಡೆಸಬಹುದು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಅರ್ಧ ಡಬ್ಬಿ ಉಳಿಯುತ್ತಿತ್ತು.

8. ಪೆಟ್ಟಿಗೆ ಸಾಯುವುದು ಕೆಲಸವಿಲ್ಲದ ತಿಂಗಳುಗಳಲ್ಲಿ

ನಮ್ಮ ತಲೆಯ ಮೇಲೇ ಆಗುಂಬೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಘಾಟಿಯ ಬುಡದ ನಮಗೂ ಕಡಿಮೆಯೇನಲ್ಲ. ಜೂನ್‌ನಿಂದ ಯಾರಿಗೂ ನೀರು ಬಿಡುವ ಕೆಲಸವಿಲ್ಲ. ಪೆಟ್ಟಿಗೆಯನ್ನು ಆಫ್ ಮಾಡಿ ಶೆಡ್ಡಿನ ಗೋಡೆಯಲ್ಲೇ ಬಿಡುತ್ತಾರೆ. ಅದೇ ಶೆಡ್ಡಿನಲ್ಲಿ ಕೊಳೆರೋಗದ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತಿನ ಚೀಲ. ಆನ್ ಇದ್ದಾಗ ಬೋರ್ಡಿನ ಸ್ವಲ್ಪ ಬಿಸಿಗೆ ತೇವ ಆರುತ್ತಿತ್ತು, ಈಗ ಅದೂ ಇಲ್ಲ. ಡಿಸೆಂಬರಿನಲ್ಲಿ ಆನ್ ಮಾಡಿದರೆ ಕೆಲವು ವಾಲ್ವ್ ತಾವಾಗಿ ತೆರೆಯುತ್ತವೆ, ಕೆಲವು ತೆರೆಯುವುದೇ ಇಲ್ಲ. ಒಮ್ಮೆ ಒಂದು ಹಲ್ಲಿ ಟರ್ಮಿನಲ್ಲುಗಳ ನಡುವೆ ಒಣಗಿ ಕೂತಿತ್ತು, ಇರುವೆ ಗೂಡಂತೂ ಮಾಮೂಲು.

ಬ್ಯಾಟರಿ ಉಳಿಸುವ ಆಸೆಯಿಂದ ನಾನು ಗೇಟಿನ ರೆಸಿಸ್ಟರನ್ನು ಒಂದು ಮೆಗಾಓಮ್ ಮಾಡಿದ್ದ ಕಾಲವಿತ್ತು. ತೇವ ಹಿಡಿದ ಬೋರ್ಡಿನ ಮೇಲ್ಮೈ ಅದಕ್ಕಿಂತ ಚೆನ್ನಾಗಿ ಕರೆಂಟು ಹರಿಸುತ್ತದೆ; ಪಕ್ಕದ 24 ವೋಲ್ಟಿನ ಗೆರೆಯಿಂದ ಸೋರಿದ್ದೇ ಗೇಟಿಗೆ ಹುಕುಂ ಆಗಿಬಿಡುತ್ತದೆ. ಹಾಗಾಗಿ ಮತ್ತೆ 10 ಕಿಲೋಓಮಿಗೆ ಬಂದೆ, ಬೋರ್ಡಿಗೆ ಎರಡು ಕೈ ವಾರ್ನಿಷ್ ಬಳಿಯುತ್ತೇನೆ, ತಂತಿಗಳು ಪೆಟ್ಟಿಗೆಯ ಕೆಳಗಿನಿಂದಲೇ ಒಳಬರುವಂತೆ ನೋಡಿಕೊಳ್ಳುತ್ತೇನೆ. ಮಳೆಗಾಲ ಶುರುವಾಗುವಾಗ ಪೆಟ್ಟಿಗೆಯನ್ನು ಬಿಚ್ಚಿ ಮನೆಯೊಳಗೆ ತಂದಿಡುವುದು ಇದೆಲ್ಲಕ್ಕಿಂತ ಮೇಲು. ಸಿಡಿಲಿಗೆ ಉದ್ದ ತಂತಿಗಳ ತುದಿಯಲ್ಲಿ ಟಿವಿಎಸ್ ಡಯೋಡ್ ಹಾಕುತ್ತೇನೆ, ದೂರದಲ್ಲಿ ಬಿದ್ದ ಸಿಡಿಲಿಗೆ ಅದು ಆದೀತು. ತೋಟಕ್ಕೇ ಬಿದ್ದರೆ ಯಾವ ಡಯೋಡೂ ಇಲ್ಲ. ಗುಡುಗು ಕೇಳುವ ಮೊದಲು ಕನೆಕ್ಟರ್ ಕಿತ್ತಿಡಿ.

9. ಪಂಪಿನ ಸ್ಟಾರ್ಟರಿನ ಮುಂದೆ ನಿಲ್ಲಿ

ವಾಲ್ವ್ ನಡೆಯಿತೆಂದರೆ ಮುಂದಿನ ಬೇಡಿಕೆ ಬಂದೇ ಬರುತ್ತದೆ: "ಪಂಪನ್ನೂ ಇದರಲ್ಲೇ ಮಾಡಿ ಮಾರಾಯ್ರೆ." ಮಾಡಬಹುದು, ಆದರೆ ತ್ರೀ ಫೇಸಿನ 415 ವೋಲ್ಟಿನ ಹತ್ತಿರ ನಮ್ಮ ಮಾಸ್ಫೆಟ್ ಹೋಗಬಾರದು. ಅದು ಒಂದು ರಿಲೇಯನ್ನು ಎಳೆಯಲಿ, ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರ್ ಕಾಯಿಲನ್ನು ಎಳೆಯಲಿ. ಅಲ್ಲಿಯೂ ನಾನು ಅರ್ಧ ಯೋಚಿಸಿದ್ದೆ. ರಿಲೇಯನ್ನು ಹಸಿರು ಬಟನ್ನಿಗೆ ಸಮಾಂತರವಾಗಿ ಮಾತ್ರ ಹಾಕಿಸಿದ್ದೆ, ಒಂದು ಕ್ಷಣ ಒತ್ತಿ ಬಿಡುವ ಹಾಗೆ. ಇಎಸ್‌ಪಿ32 ಒಂದು ದಿನ ನಡುವೆ ಕೈಕೊಟ್ಟಿತು. ವಾಲ್ವ್‌ಗಳೆಲ್ಲ ಪಾಠ ಕಲಿತ ಮಕ್ಕಳು, ತಕ್ಷಣ ಮುಚ್ಚಿದವು. ಪಂಪ್ ಮಾತ್ರ ತನ್ನ ಹೋಲ್ಡಿಂಗ್ ಕಾಂಟ್ಯಾಕ್ಟಿನಲ್ಲಿ ಓಡುತ್ತಲೇ ಇತ್ತು. ನೀರಿಗೆ ಹೋಗಲು ದಾರಿಯಿಲ್ಲದೆ ಪಿವಿಸಿ ಪೈಪಿನ ಬೆಂಡು ಹಾರಿತು.

ಆದ್ದರಿಂದ ಕೆಂಪು ಬಟನ್ನಿನ ಸಾಲಿನಲ್ಲಿ ಇನ್ನೊಂದು ರಿಲೇ ಇರಲಿ, ಪಂಪ್ ಓಡುವಷ್ಟು ಹೊತ್ತೂ ಇಎಸ್‌ಪಿ32 ಅದನ್ನು ಹಿಡಿದಿರಬೇಕು. ಪೆಟ್ಟಿಗೆ ಸತ್ತರೆ ಅದು ಬಿಡುತ್ತದೆ, ಪಂಪ್ ನಿಲ್ಲುತ್ತದೆ. ಕೈಯಿಂದ ನಡೆಸಲು ಒಂದು ಬೈಪಾಸ್ ಸ್ವಿಚ್ಚೂ ಬೇಕು, ಇಲ್ಲದಿದ್ದರೆ ನಡುರಾತ್ರಿ ನಿಮಗೇ ಫೋನು. ಸ್ಟಾರ್ಟರಿನೊಳಗಿನ ವೈರಿಂಗನ್ನು ನೀವು ಮಾಡಬೇಡಿ, ಎಷ್ಟೇ ಗೊತ್ತಿದ್ದರೂ. ಲೈಸೆನ್ಸ್ ಇರುವ ವೈರ್‌ಮ್ಯಾನ್‌ನನ್ನು ಕರೆಯಿರಿ, ಸರ್ಕ್ಯೂಟನ್ನು ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಿ, ಇನ್ನೊಂದು ಪ್ರತಿಯನ್ನು ಪ್ಲಾಸ್ಟಿಕ್ ಹೊದಿಸಿ ಸ್ಟಾರ್ಟರ್ ಬಾಗಿಲಿನ ಒಳಮೈಗೆ ಅಂಟಿಸಿ.